ಮೂಕ ರೋಗಿಗಳಿಗೆ ಆಸ್ಪತ್ರೆ ಕಟ್ಟಿದ ಗಿರಣಿ ಧಣಿ

ಜಮಖಂಡಿ, ಮುಧೋಳ, ಬೀಳಗಿ ಕಡೆಯ ರೈತರು ಎತ್ತಿಗೆ ಬೇನೆಯಾದರೆ ಇಂದು ದನದ ದವಾಖಾನೆಯ ಹಾದಿ ಹಿಡಿಯುತ್ತಾರೆ. ಬೇನೆ ಕಠಿಣವಾಗಿದ್ದರೆ ಗದಗಿನ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೂ ಒಯ್ಯಬಹುದು. ಒಂದು ಕಡೆ ದನವನ್ನು ಗುಣಪಡಿಸುತ್ತ, ಅದೇ ದನದ ಮೂಲಕ ಹುಡುಗರಿಗೆ ವೈದ್ಯ ಕಲಿಸುವ ಇಂಥ ಆಸ್ಪತ್ರೆ ಹಳೆಯ ಮುಂಬಯಿ ಪ್ರಾಂತಕ್ಕೆ ಬಂದದ್ದು ಒಬ್ಬ ಪಾರ್ಸಿ ಗಿರಣಿ ಧಣಿಯ ದಾನದಿಂದ. ಅವರ ಹೆಸರು ಸರ್ ದಿನಶಾ ಮಾಣೆಕಜಿ ಪೆಟಿಟ್.

ದಿನಶಾ ಹುಟ್ಟಿದ್ದು 1823ರ ಜೂನ್ 30ರಂದು. ಪೆಟಿಟ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಚಿಕ್ಕವ. ಮನೆತನದ ಹಿರಿಯರೊಬ್ಬರು ಗಿಡ್ಡಗಿದ್ದುದರಿಂದ ಫ್ರೆಂಚ್ ವ್ಯಾಪಾರಿಗಳು ಹಾಗೆ ಕರೆದು, ಅದೇ ಅಡ್ಡಹೆಸರಾಗಿ ಉಳಿಯಿತೆಂದು ಪ್ರತೀತಿ. ಹದಿನೇಳರ ವಯಸ್ಸಿಗೆ ದಿನಶಾ ಒಂದು ಇಂಗ್ಲಿಷ್ ವ್ಯಾಪಾರದ ಕೋಠಿಯಲ್ಲಿ ಕಾರಕೂನರಾದರು. ಮುಂದೆ ದಲ್ಲಾಳಿ ಕೆಲಸ, ಆಮೇಲೆ ನೂಲಿನ ಗಿರಣಿ. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ ಸೀಮೆಯ ಕರಿನೆಲದ ರೈತರ ಕೈಯಲ್ಲೂ ಆಗ ನಾಲ್ಕು ಕಾಸು ಆಡಿದವು. ಮುಂಬಯಿಯಲ್ಲಿ ಷೇರುಗಳ ಹುಚ್ಚು ಎದ್ದು ಅನೇಕರು ಮುಳುಗಿದರು, ದಿನಶಾ ಗೆದ್ದರು. ಗಿರಣಿಯ ಮೇಲೆ ಗಿರಣಿ ಎಬ್ಬಿಸಿದರು. ಗಿರಣಿ ಬಟ್ಟೆಯಿಂದ ರಬಕವಿ-ಬನಹಟ್ಟಿಯಂಥ ಮಗ್ಗದ ಊರುಗಳಿಗೆ ಪೆಟ್ಟು ಬಿತ್ತು, ಅದೇ ಮಗ್ಗಗಳಿಗೆ ಗಿರಣಿ ನೂಲೇ ಆಧಾರವೂ ಆಯಿತು. ಆ ಕಾಲದ ಗಿರಣಿ ಕೂಲಿಗಳು ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ದುಡಿಯುತ್ತಿದ್ದರು. ಧಣಿಗಳ ದಾನವನ್ನು ಹೊಗಳುವಾಗ ಇದನ್ನೂ ನೆನೆಯುವುದು ನ್ಯಾಯ.

ಹತ್ತಿಯ ಅಂಡಿಗೆಗಳನ್ನು ಬಂದರದಿಂದ ಗಿರಣಿಗೆ, ಗಿರಣಿಯಿಂದ ಬಂದರಕ್ಕೆ ಹೊರುತ್ತಿದ್ದುದು ಎತ್ತಿನ ಗಾಡಿ. 1874ರಲ್ಲಿ ಕುದುರೆ ಎಳೆಯುವ ಟ್ರಾಮು ಬಂತು. ನೊಗ ತಿಂದ ಹೆಗಲು, ಕುಂಟುವ ಕಾಲು, ಸವೆದ ಗೊರಸು: ಪೇಟೆಯಲ್ಲಿ ಇವು ದಿನದ ನೋಟ. ಪ್ರಾಣಿಹಿಂಸೆ ತಡೆಯುವ ಸಂಘವೊಂದು ಅದೇ 1874ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಆದರೆ ಕುಂಟುವ ಎತ್ತನ್ನು ಗಾಡಿಯಿಂದ ಬಿಡಿಸಿದ ಮೇಲೆ ಒಯ್ಯುವುದೆಲ್ಲಿಗೆ? 1834ರಿಂದ ಪಾಂಜರಾಪೋಳವಿತ್ತು. ಅಲ್ಲಿ ಮೇವು, ನೀರು, ನೆರಳು ಸಿಗುತ್ತಿದ್ದವು. ಪುಣ್ಯದ ಕೆಲಸವೇ ಸರಿ. ಆದರೆ ಮುರಿದ ಕಾಲು ನೆರಳಿನಿಂದ ಕೂಡುವುದಿಲ್ಲ, ಕೀವು ತುಂಬಿದ ಹೆಗಲು ಮೇವಿನಿಂದ ಮಾಯುವುದಿಲ್ಲ. ವೈದ್ಯ ಬಲ್ಲವರು ಬೇಕು.

ಈ ಕೊರತೆಗೆ ದಿನಶಾ ಕೈಹಚ್ಚಿದರು. 1880ರ ದಶಕದಲ್ಲಿ ಪರಳದಲ್ಲಿ ಜಾಗ ಕೊಟ್ಟು ಪ್ರಾಣಿಗಳ ಆಸ್ಪತ್ರೆಗೆ ದಾರಿ ಮಾಡಿದರು. ಅದಕ್ಕೆ ಇಟ್ಟದ್ದು ಹೆಂಡತಿಯ ಹೆಸರು: ಬಾಯಿ ಸಾಕರಬಾಯಿ ದಿನಶಾ ಪೆಟಿಟ್ ಆಸ್ಪತ್ರೆ. 1886ರಲ್ಲಿ ಸರಕಾರ ಅದಕ್ಕೆ ಹೊಂದಿಸಿಯೇ ಮುಂಬಯಿ ಪಶುವೈದ್ಯ ಕಾಲೇಜನ್ನು ತೆರೆಯಿತು. ಮೊದಲ ಪ್ರಿನ್ಸಿಪಾಲರು ಜಾನ್ ಹೆನ್ರಿ ಸ್ಟೀಲ್ ಎಂಬ ಸೈನ್ಯದ ಪಶುವೈದ್ಯರು. ಎತ್ತಿನ ರೋಗಗಳ ಬಗ್ಗೆ, ಆನೆಯ ರೋಗಗಳ ಬಗ್ಗೆ ಗ್ರಂಥ ಬರೆದವರು. 1891ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು.

ನನ್ನ ಮಟ್ಟಿಗೆ ದಿನಶಾರ ದಾನದ ಹೆಚ್ಚುಗಾರಿಕೆ ಇರುವುದು ಆಸ್ಪತ್ರೆಗೆ ಶಾಲೆ ಕೂಡಿದ್ದರಲ್ಲಿ. ಬರಿಯ ಆಸ್ಪತ್ರೆಯಾಗಿದ್ದರೆ ಅದು ಮುಂಬಯಿಯ ಎತ್ತು, ಕುದುರೆಗಳನ್ನಷ್ಟೇ ನೋಡುತ್ತಿತ್ತು. ಶಾಲೆ ಕೂಡಿದ್ದರಿಂದ ಅಲ್ಲಿ ಮಲಗಿದ ಒಂದೊಂದು ಎತ್ತೂ ಹತ್ತಾರು ಹುಡುಗರಿಗೆ ಪಾಠವಾಯಿತು. ಪಶುವೈದ್ಯ ಪುಸ್ತಕದಿಂದ ಅರ್ಧ ಬರುತ್ತದೆ. ಉಳಿದರ್ಧ ಬರುವುದು ನಾಡಿ ಹಿಡಿದು, ಹೊಟ್ಟೆಗೆ ಕಿವಿಯಿಟ್ಟು, ಸೆಗಣಿ ನೋಡಿ, ಗುರುವಿನ ಕಣ್ಣಮುಂದೆ ಕೈ ಪಳಗಿದಾಗ. ಸತ್ತ ದನವೂ ಕಲಿಸುತ್ತದೆ. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಮೊಳೆ ಚುಚ್ಚಿತ್ತೋ, ಪುಪ್ಪುಸ ಕೆಟ್ಟಿತ್ತೋ ತಿಳಿದು, ಮುಂದಿನ ದನಕ್ಕೆ ಅನುಕೂಲ. ಕಾಲೇಜಿನ ಆಸ್ಪತ್ರೆಗೆ ಹೋದಾಗ ಹುಡುಗರು ಗುಂಪುಗೂಡಿ ಹತ್ತು ಪ್ರಶ್ನೆ ಕೇಳುತ್ತಾರೆಂದು ನಮ್ಮವರು ಬೇಸರಪಡುವುದುಂಟು. ಮೇವು ಬಿಟ್ಟು ಎಷ್ಟು ದಿನವಾಯಿತು, ಮೆಲುಕು ಹಾಕುತ್ತದೆಯೇ, ಸೆಗಣಿ ಹೇಗಿದೆ, ಮನೆಯಲ್ಲಿ ಏನು ಔಷಧ ಕುಡಿಸಿದಿರಿ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮಾತು ಬಾರದ ರೋಗಿಯ ಪರವಾಗಿ ಮಾತಾಡುವವರು ನಾವೇ ಅಲ್ಲವೇ?

ಆಗ ಬೀಳಗಿ ಇದ್ದುದು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿ. ಜಮಖಂಡಿ, ಮುಧೋಳಗಳಲ್ಲಿ ಸಂಸ್ಥಾನಿಕರ ಆಡಳಿತ. ಪ್ರಾಂತದ ದನದ ದವಾಖಾನೆಗಳಿಗೆ ಪರಳದಲ್ಲಿ ಕಲಿತವರು ಬರತೊಡಗಿದರು. ನಮ್ಮ ರಾಜ್ಯದ ಹೆಬ್ಬಾಳ ಕಾಲೇಜು ಆರಂಭವಾದದ್ದು ಏಕೀಕರಣದ ನಂತರ, 1958ರಲ್ಲಿ.

ದಿನಶಾ ಮುಂಬಯಿಯ ಷರೀಫರೂ ಆಗಿದ್ದರು. 1887ರಲ್ಲಿ ಸರ್ ಪದವಿ, 1890ರಲ್ಲಿ ವಂಶಪಾರಂಪರ್ಯದ ಬ್ಯಾರೊನೆಟ್ ಪದವಿ ಬಂದವು. 1901ರ ಮೇ 5ರಂದು ಕಾಲವಾದರು. ಆರು ವರ್ಷದ ಮೇಲೆ ಮುಂಬಯಿಗೆ ವಿದ್ಯುತ್ ಟ್ರಾಮು ಬಂದು, ಟ್ರಾಮು ಎಳೆಯುವ ಕೆಲಸ ಕುದುರೆಗಳಿಗೆ ತಪ್ಪಿತು. ಪರಳದ ಆಸ್ಪತ್ರೆ ಸಾಕರಬಾಯಿಯವರ ಹೆಸರಿನಲ್ಲೇ ಇಂದಿಗೂ ನಡೆದಿದೆ. ಮಗ್ಗುಲಲ್ಲೇ ಕಾಲೇಜೂ ಇದೆ.