ಕೆಲ್ಲಿ ಜಾನ್ಸನ್: ತಪ್ಪು ತೋರಿಸಿದ ವಿದ್ಯಾರ್ಥಿ, ಪಂದ್ಯ ಸೋತ ಗುರು

ಬೋಧನಾಭ್ಯಾಸದ ಎರಡನೇ ವಾರ ಹತ್ತನೇ ತರಗತಿಗೆ ಲೋಹಗಳು ಮತ್ತು ಅಲೋಹಗಳು ಪಾಠ ಮಾಡುತ್ತಿದ್ದೆ. ಸೋಡಿಯಂ ನೀರಿನೊಂದಿಗೆ ವರ್ತಿಸುವ ಸಮೀಕರಣವನ್ನು ಸರಿದೂಗಿಸದೆ ಕಪ್ಪುಹಲಗೆಯ ಮೇಲೆ ಬರೆದುಬಿಟ್ಟೆ. ಹೈಡ್ರೋಜನ್ ಲೆಕ್ಕ ಎರಡೂ ಕಡೆ ಸಮವಾಗುತ್ತಿಲ್ಲವೆಂದು ಒಬ್ಬ ಹುಡುಗಿ ಎದ್ದುನಿಂತು ಹೇಳಿದಳು. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿದ್ದರು. ಆಮೇಲೆ ನೋಡೋಣವೆಂದು ಅವಳನ್ನು ಕೂರಿಸಿ ಮುಂದೆ ಹೋದೆ. ಆಮೇಲೆ ನೋಡಲೂ ಇಲ್ಲ. ಇದೇ ಪಾಠಕ್ಕೆ ಪೂರಕವಾಗಿ ಒಬ್ಬ ವಿಮಾನ ವಿನ್ಯಾಸಕರ ಜೀವನಚಿತ್ರವನ್ನು ಸಿದ್ಧಮಾಡಿಕೊಂಡಿದ್ದೆ. ಅಂದು ರಾತ್ರಿ ಅದನ್ನು ಮತ್ತೆ ಓದಿದಾಗ ಆ ಹುಡುಗಿಯೇ ಕಣ್ಣಮುಂದೆ ಬಂದಳು.

ಕ್ಲಾರೆನ್ಸ್ ಜಾನ್ಸನ್ 1910ರ ಫೆಬ್ರವರಿ 27ರಂದು ಅಮೆರಿಕದ ಮಿಷಿಗನ್ ರಾಜ್ಯದ ಇಷ್ಪೆಮಿಂಗ್ ಎಂಬ ಕಬ್ಬಿಣದ ಗಣಿಯ ಊರಿನಲ್ಲಿ ಹುಟ್ಟಿದರು. ತಂದೆತಾಯಿ ಸ್ವೀಡನ್ನಿನಿಂದ ವಲಸೆ ಬಂದ ಬಡವರು. ಒಂಬತ್ತು ಮಕ್ಕಳಲ್ಲಿ ಇವರು ಏಳನೆಯವರು. ಶಾಲೆಯಲ್ಲಿ ಕ್ಲಾರಾ ಎಂದು ಹೆಣ್ಣುಹೆಸರಿನಿಂದ ಹಂಗಿಸಿದ ಹುಡುಗನೊಂದಿಗೆ ಹೊಡೆದಾಡಿದ ಮೇಲೆ ಗೆಳೆಯರು ಕೆಲ್ಲಿ ಎಂದು ಕರೆಯತೊಡಗಿದರು. ಆ ಹೆಸರೇ ಕೊನೆಯವರೆಗೂ ಉಳಿಯಿತು.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಲಾಕ್‌ಹೀಡ್ ಕಂಪನಿಯ ಹೊಸ ಪ್ರಯಾಣಿಕ ವಿಮಾನ ಎಲೆಕ್ಟ್ರಾದ ಮಾದರಿ ಅಲ್ಲಿಯ ಗಾಳಿ ಸುರಂಗಕ್ಕೆ ಪರೀಕ್ಷೆಗೆ ಬಂತು. ಆ ವಿನ್ಯಾಸದಲ್ಲಿ ಸ್ಥಿರತೆಯ ದೋಷವಿದೆ ಎಂಬುದು ಜಾನ್ಸನ್ನರ ಅಭಿಪ್ರಾಯ. ಪ್ರಾಧ್ಯಾಪಕರೂ ಕಂಪನಿಯವರೂ ಫಲಿತಾಂಶ ಸರಿಯಾಗಿದೆಯೆಂದೇ ಒಪ್ಪಿದ್ದರು. 1933ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ತಿಂಗಳಿಗೆ 83 ಡಾಲರ್ ಸಂಬಳದ ಮೇಲೆ ಅದೇ ಕಂಪನಿಗೆ ಸೇರಿದ ಅವರು, ನಿಮ್ಮ ವಿಮಾನ ಸರಿಯಿಲ್ಲವೆಂದು ಹಿರಿಯರಿಗೆ ನೇರವಾಗಿ ತಿಳಿಸಿದರು. ಮುಖ್ಯ ಎಂಜಿನಿಯರ್ ಹಾಲ್ ಹಿಬ್ಬಾರ್ಡ್ ಸಿಟ್ಟಾಗಲಿಲ್ಲ. ಮಾದರಿಯನ್ನು ಅವರ ಕೈಗೇ ಕೊಟ್ಟು, ಸರಿಮಾಡಿಕೊಂಡು ಬರಲು ಮಿಷಿಗನ್ನಿಗೆ ಕಳಿಸಿದರು. ಸುಮಾರು ಎಪ್ಪತ್ತು ಸಲ ಪರೀಕ್ಷಿಸಿದ ಮೇಲೆ ಉತ್ತರ ಸಿಕ್ಕಿತು: ಬಾಲದ ಎರಡು ತುದಿಗಳಲ್ಲಿ ಒಂದೊಂದು ಲಂಬ ಫಲಕ. ಆ ಜೋಡಿ ಬಾಲದೊಂದಿಗೆ ಎಲೆಕ್ಟ್ರಾ 1934ರಲ್ಲಿ ಹಾರಿತು.

ಹತ್ತು ವರ್ಷಗಳ ನಂತರ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಜರ್ಮನಿ ಜೆಟ್ ಯುದ್ಧವಿಮಾನ ತಯಾರಿಸುತ್ತಿದೆ ಎಂದು ತಿಳಿದ ಅಮೆರಿಕದ ಸೇನೆ 1943ರಲ್ಲಿ ಜಾನ್ಸನ್ನರಿಗೆ ಅಂಥದೇ ಕೆಲಸ ಒಪ್ಪಿಸಿತು. ಗಡುವು 180 ದಿನ, ಕೆಲಸ ಗುಟ್ಟಾಗಿರಬೇಕು. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನ ಕಾರ್ಖಾನೆಯಲ್ಲಿ ಜಾಗವಿರಲಿಲ್ಲ. ಹಳೆಯ ಪೆಟ್ಟಿಗೆಗಳ ಮರ ಮತ್ತು ಬಾಡಿಗೆಗೆ ತಂದ ಸರ್ಕಸ್ ಡೇರೆಯಿಂದ ಒಂದು ಕೆಲಸದ ಮನೆ ಎದ್ದಿತು. ಪಕ್ಕದ ಪ್ಲಾಸ್ಟಿಕ್ ಕಾರ್ಖಾನೆಯ ದುರ್ನಾತ ಒಳಗೆ ಬರುತ್ತಿತ್ತು. ಆ ವಾಸನೆಯಿಂದಾಗಿ, ಒಂದು ವ್ಯಂಗ್ಯಚಿತ್ರ ಮಾಲಿಕೆಯ ಹೆಸರನ್ನು ತಿರುಚಿ, ಅಲ್ಲಿಯವರೇ ಇಟ್ಟ ಅಡ್ಡಹೆಸರು ಸ್ಕಂಕ್ ವರ್ಕ್ಸ್. ಒಳಗೆ ಏನು ನಡೆಯುತ್ತಿದೆಯೆಂಬುದು ಮನೆಯವರಿಗೂ ತಿಳಿಯದು. ನಕ್ಷೆ ಬರೆಯುವವರು ಮತ್ತು ಲೋಹ ಕತ್ತರಿಸುವವರು ಒಬ್ಬರಿಗೊಬ್ಬರು ಕೂಗಳತೆಯಲ್ಲಿರಬೇಕೆಂಬುದು ಜಾನ್ಸನ್ನರ ನಿಯಮ. ತಪ್ಪು ಕಂಡ ಕೂಡಲೇ ಹೇಳಬಹುದು, ಕೂಡಲೇ ತಿದ್ದಬಹುದು. ಎಕ್ಸ್‌ಪಿ-80 ಎಂಬ ವಿಮಾನ 143 ದಿನಗಳಲ್ಲಿ ಸಿದ್ಧವಾಯಿತು. ನೆಲದ ಪರೀಕ್ಷೆಯಲ್ಲಿ ಗಾಳಿ ಒಳಬರುವ ಕೊಳವೆ ಕುಸಿದು ಎಂಜಿನ್ ಹಾಳಾದದ್ದರಿಂದ ಹಾರಾಟ ತಡವಾಗಿ, 1944ರ ಜನವರಿ 8ರಂದು ನಡೆಯಿತು.

ಇದಾದ ಮೇಲೆ ಗುಟ್ಟಿನ ಕೆಲಸಗಳೇ ಅವರ ಬದುಕಾದವು. 1955ರಲ್ಲಿ ಯು-2 ಬೇಹುಗಾರಿಕೆ ವಿಮಾನ, 1964ರಲ್ಲಿ ಶಬ್ದದ ಮೂರು ಪಟ್ಟು ವೇಗಕ್ಕೂ ಮೀರಿ ಹಾರುವ ಎಸ್‌ಆರ್-71 ಆಕಾಶಕ್ಕೇರಿದವು. ಆ ವೇಗದಲ್ಲಿ ಗಾಳಿಯ ಘರ್ಷಣೆಯಿಂದ ಏಳುವ ಬಿಸಿಗೆ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಟೈಟಾನಿಯಂ ಬಳಸಬೇಕಾಯಿತು. ಆ ಲೋಹವನ್ನು ಮಧ್ಯವರ್ತಿ ಕಂಪನಿಗಳ ಮೂಲಕ ಸೋವಿಯತ್ ಒಕ್ಕೂಟದಿಂದಲೇ ಗುಟ್ಟಾಗಿ ಕೊಂಡರು. ಈ ಘಟ್ಟದಲ್ಲಿ ತರಗತಿಗೆ ಒಪ್ಪುವ ಒಂದು ಪ್ರಶ್ನೆಯಿದೆ. ಬೇಸಿಗೆಯಲ್ಲಿ ಬೆಸೆದ ಟೈಟಾನಿಯಂ ಭಾಗಗಳು ಬೇಗ ಕೆಡುತ್ತಿದ್ದವು, ಚಳಿಗಾಲದಲ್ಲಿ ಬೆಸೆದವು ಗಟ್ಟಿಯಾಗಿರುತ್ತಿದ್ದವು. ಏಕೆ? ಮಕ್ಕಳಿಗೆ ಯೋಚಿಸಲು ಬಿಡಿ. ಪಾಚಿ ತಡೆಯಲು ಬೇಸಿಗೆಯಲ್ಲಿ ನಲ್ಲಿ ನೀರಿಗೆ ಹೆಚ್ಚು ಕ್ಲೋರಿನ್ ಹಾಕುತ್ತಿದ್ದರು. ಆ ನೀರಿನಲ್ಲಿ ಭಾಗಗಳನ್ನು ತೊಳೆಯುತ್ತಿದ್ದರು. ಆಸವಿತ ನೀರು ಬಳಸಿದ ಮೇಲೆ ತೊಂದರೆ ನಿಂತಿತು. ಕ್ಯಾಡ್ಮಿಯಂ ಲೇಪದ ಸ್ಪ್ಯಾನರುಗಳಿಂದ ಬಿಗಿದ ಬೋಲ್ಟುಗಳ ತಲೆ ಬಿಸಿಗೆ ಕಳಚಿ ಬೀಳುತ್ತಿದ್ದದ್ದೂ ಹೀಗೆಯೇ ಬೆಳಕಿಗೆ ಬಂತು.

ಜಾನ್ಸನ್ ತಪ್ಪೇ ಮಾಡದವರಲ್ಲ. ಅವರ ಎಫ್-104 ಅತಿ ವೇಗದ ವಿಮಾನ, ಆದರೆ ಚಲಾಯಿಸುವವರ ಸಣ್ಣ ತಪ್ಪನ್ನೂ ಕ್ಷಮಿಸದು. ಪಶ್ಚಿಮ ಜರ್ಮನಿಯ ಸೇವೆಯಲ್ಲಿ ಅದರ ಅಪಘಾತಗಳಿಂದ ನೂರಕ್ಕೂ ಹೆಚ್ಚು ಪೈಲಟ್‌ಗಳು ಸತ್ತರು. ಇನ್ನೊಂದು ಸಲ, ದ್ರವ ಹೈಡ್ರೋಜನ್ ಇಂಧನದ ವಿಮಾನ ಕಟ್ಟುತ್ತೇನೆಂದು ಹೊರಟು, ಅದು ಬೇಕಾದಷ್ಟು ದೂರ ಹಾರಲಾರದೆಂದು ಲೆಕ್ಕದಿಂದ ಕಂಡುಕೊಂಡಾಗ, ಯೋಜನೆ ನಿಲ್ಲಿಸಿರೆಂದು ತಾವೇ ಸರ್ಕಾರಕ್ಕೆ ಹೇಳಿದರು.

ಮುಂಗೋಪಿಯಾಗಿದ್ದ ಅವರಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ವಾದ ಬಂದರೆ ಕೈಕೆಳಗಿನವರೊಂದಿಗೆ ಕಾಲು ಡಾಲರ್, ನಮ್ಮ ಲೆಕ್ಕದಲ್ಲಿ ನಾಲ್ಕಾಣೆ, ಪಂದ್ಯ ಕಟ್ಟುತ್ತಿದ್ದರು. 1975ರಲ್ಲಿ ನಿವೃತ್ತರಾದ ಮೇಲೆ ಅವರ ಶಿಷ್ಯ ಬೆನ್ ರಿಚ್ ರೇಡಾರ್ ಕಣ್ಣಿಗೆ ಬೀಳದಂಥ ವಿಮಾನದ ಯೋಜನೆ ಹಿಡಿದರು. ವಜ್ರದಂತೆ ಮುಖಮುಖವಾಗಿ ಕತ್ತರಿಸಿದ ಆ ಆಕಾರವನ್ನು ಕಂಡು ಜಾನ್ಸನ್ ಕಿಡಿಕಿಡಿಯಾದರು. ತಾವು ಹಿಂದೆ ಮಾಡಿದ ಚಾಲಕರಹಿತ ವಿಮಾನವೇ ಇದಕ್ಕಿಂತ ಚೆನ್ನಾಗಿ ಅಡಗುತ್ತದೆಂದು ಪಂದ್ಯ ಕಟ್ಟಿದರು. ಪರೀಕ್ಷೆಯಲ್ಲಿ ಶಿಷ್ಯ ಗೆದ್ದರು, ಗುರು ನಾಣ್ಯ ಕೊಟ್ಟರು. ಆ ಆಕಾರದಿಂದಲೇ ಎಫ್-117 ಬೆಳೆಯಿತು. 1981ರಲ್ಲಿ ಹಾರಿದ ಅದನ್ನು 1988ರವರೆಗೆ ಲೋಕದ ಕಣ್ಣಿನಿಂದ ಮರೆಮಾಡಿಡಲಾಗಿತ್ತು. ಜಾನ್ಸನ್ 1990ರ ಡಿಸೆಂಬರ್ 21ರಂದು ತೀರಿಕೊಂಡರು.

ಅವರು ಮಾಡಿದ್ದು ಯುದ್ಧದ ಯಂತ್ರಗಳನ್ನು. ಅವುಗಳ ಬಗ್ಗೆ ಮಕ್ಕಳು ಪ್ರಶ್ನೆ ಕೇಳಿದರೆ ಕೇಳಲಿ, ಚರ್ಚೆಯಾಗಲಿ. ನನಗೆ ಮುಖ್ಯವೆನಿಸಿದ್ದು ಬೇರೆ. ಊರಿಗೆಲ್ಲ ಗುಟ್ಟಾಗಿದ್ದ ಆ ಕೆಲಸದ ಮನೆಯೊಳಗೆ ತಪ್ಪನ್ನು ಮಾತ್ರ ಗುಟ್ಟಾಗಿಡುವಂತಿರಲಿಲ್ಲ. ನನ್ನ ತರಗತಿಯ ಬಾಗಿಲು ತೆರೆದೇ ಇತ್ತು, ಆದರೂ ತಪ್ಪನ್ನು ಮುಚ್ಚಿಟ್ಟಿದ್ದೆ.

ಮರುದಿನ ಅದೇ ತಪ್ಪು ಸಮೀಕರಣವನ್ನು ಮತ್ತೆ ಬರೆದೆ. ನಿನ್ನೆ ಅವಳು ಹೇಳಿದ್ದು ಸರಿಯೆಂದು ತರಗತಿಗೆಲ್ಲ ತಿಳಿಸಿ, ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ. ಅವಳು ಸರಿದೂಗಿಸಿದಳು. ಅಂದು ವೀಕ್ಷಕರು ಬಂದಿರಲಿಲ್ಲ.