ಸರ್ ಎಂವಿ ಫಾರ್ವರ್ಡ್‌ಗಳು: ರೈಲು, ಮೇಣದಬತ್ತಿಗಳ ಆಚೆ ಇರುವ ಅಳತೆಗೋಲಿನ ಕಥೆ

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ನಂಜನಗೂಡು, ಟಿ. ನರಸೀಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೈಸೂರು ಪೇಟದ ಅದೇ ಫೋಟೊ ಓಡಾಡುತ್ತದೆ. ಕೆಳಗೆ ರೈಲಿನ ಸದ್ದು ಕೇಳಿಯೇ ಹಳಿ ಮುರಿದಿದೆ ಎಂದು ಹೇಳಿದ ಕಥೆ ಇರುತ್ತದೆ, ಇಲ್ಲವೇ ಸ್ವಂತ ಕೆಲಸಕ್ಕೆ ಬೇರೆ ಮೇಣದಬತ್ತಿ ಹಚ್ಚುತ್ತಿದ್ದ ಕಥೆ. ರೈಲು ಒಂದು ಫಾರ್ವರ್ಡ್‌ನಲ್ಲಿ ಇಂಗ್ಲೆಂಡಿನದು, ಇನ್ನೊಂದರಲ್ಲಿ ಭಾರತದ್ದು. ಊರಿಲ್ಲ, ತಾರೀಖಿಲ್ಲ. ಇಂಥವನ್ನು ನಾವು ಕಥೆ ಎಂದೇ ಓದುತ್ತೇವೆ. ಆದರೆ ದಾಖಲೆಯಲ್ಲಿರುವ ಅವರ ಬದುಕು ಇದಕ್ಕಿಂತ ಸ್ವಾರಸ್ಯವಾಗಿದೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಅಲ್ಲಿದ್ದಾಗ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳಿಂದ, ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು.

1898ರಲ್ಲಿ ಅವರು ಜಪಾನಿಗೆ ಹೋಗಿ ಬಂದರು. ಅಲ್ಲಿನ ಶಾಲೆ, ಕಾರ್ಖಾನೆಗಳನ್ನು ಕಂಡವರಿಗೆ ನಮ್ಮಲ್ಲಿ ಯಾಕೆ ಹೀಗಿಲ್ಲ ಎಂಬ ಪ್ರಶ್ನೆ ಅಂಟಿಕೊಂಡಿತು. ಇಂದು ಕಂಪನಿಗಳು ಬೆಂಚ್‌ಮಾರ್ಕಿಂಗ್ ಎಂದು ಕರೆಯುವುದು ಇದನ್ನೇ: ಚೆನ್ನಾಗಿ ನಡೆಯುವ ಕಡೆಯ ಅಂಕಿಗಳನ್ನು ಪಕ್ಕದಲ್ಲಿಟ್ಟು ನಮ್ಮದನ್ನು ಅಳೆಯುವುದು. 1911ರ ಜನಗಣತಿಯ ಹೊತ್ತಿಗೆ ಭಾರತದಲ್ಲಿ ಓದುಬರಹ ಬಲ್ಲವರು 100ಕ್ಕೆ ಸುಮಾರು 6 ಮಂದಿ ಮಾತ್ರ. 1912ರಲ್ಲಿ ಮೈಸೂರಿನ ದಿವಾನರಾದ ಅವರ ಕಾಲದಲ್ಲೇ, ಮರುವರ್ಷ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ದಾರಿ ಮಾಡಿಕೊಟ್ಟ ಕಾನೂನು ಬಂತು. ಹಣದ ಲೆಕ್ಕಕ್ಕೆ ತಪಾಸಣೆ ಇರುವ ಹಾಗೆ ಕಚೇರಿಯ ಕೆಲಸಕ್ಕೂ ತಪಾಸಣೆ ಬೇಕೆಂದು ದಕ್ಷತೆಯ ಆಡಿಟ್ ವ್ಯವಸ್ಥೆ ತಂದರು. 1920ರಲ್ಲಿ ಬರೆದ ಪುಸ್ತಕದಲ್ಲಿ ಇಡೀ ದೇಶವನ್ನೇ ಜಪಾನ್, ಕೆನಡಾ, ಬ್ರಿಟನ್‌ಗಳ ಪಕ್ಕ ನಿಲ್ಲಿಸಿ ನೋಡಿದರು.

ಈಗ ನಮ್ಮ ಹೊಳೆಯ ವಿಷಯಕ್ಕೆ ಬರೋಣ. ಕನ್ನಂಬಾಡಿಯನ್ನು ಒಬ್ಬರೇ ಕಟ್ಟಿದರು ಎಂಬ ಫಾರ್ವರ್ಡ್ ಅರ್ಧ ಸತ್ಯ. ಶಿವನಸಮುದ್ರದಲ್ಲಿ 1902ರಿಂದ ಕರೆಂಟು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಯಂತ್ರಗಳಿಗೆ ನೀರು ಸಾಲದು. ಆದ್ದರಿಂದ ಕನ್ನಂಬಾಡಿಯಲ್ಲಿ ಹಿಡಿದಿಟ್ಟ ನೀರು ಟಿ. ನರಸೀಪುರದ ಸಂಗಮ ದಾಟಿ ವರ್ಷವಿಡೀ ಶಿವನಸಮುದ್ರ ಮುಟ್ಟಬೇಕಿತ್ತು, ಜೊತೆಗೆ ಮಂಡ್ಯದ ಹೊಲಗಳಿಗೂ ಸಿಗಬೇಕಿತ್ತು. ಮುಖ್ಯ ಎಂಜಿನಿಯರ್ ಆಗಿ ಈ ಯೋಜನೆ ಮಂಡಿಸಿ ಒಪ್ಪಿಸಿದವರು ವಿಶ್ವೇಶ್ವರಯ್ಯ. ಕೆಲಸ ಶುರುವಾದದ್ದು 1911ರಲ್ಲಿ. ಪೂರ್ಣಗೊಂಡದ್ದು 1930ರ ದಶಕದ ಆರಂಭದಲ್ಲಿ, ಅಂದರೆ ಅವರು ದಿವಾನಗಿರಿ ಬಿಟ್ಟು ಹತ್ತಕ್ಕೂ ಹೆಚ್ಚು ವರ್ಷಗಳ ನಂತರ. ನಾಲ್ವಡಿ ಕೃಷ್ಣರಾಜ ಒಡೆಯರು, ನಂತರದ ಎಂಜಿನಿಯರುಗಳು, ಸಾವಿರಾರು ಕೂಲಿಕಾರರು ಇಲ್ಲದೆ ಅದು ಮುಗಿಯುತ್ತಿರಲಿಲ್ಲ.

ಫಾರ್ವರ್ಡ್‌ಗಳು ಮುಟ್ಟದ ಅಧ್ಯಾಯ ಒಂದಿದೆ. ಆಗ ಮೈಸೂರಿನ ದೊಡ್ಡ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. ಇದನ್ನು ಸರಿಪಡಿಸುವ ದಾರಿ ಹುಡುಕಲು 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಜಾತಿ ನೋಡಿ ನೇಮಿಸಿದರೆ ಆಡಳಿತದ ದಕ್ಷತೆ ಕುಸಿಯುತ್ತದೆ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಅವರು ದಿವಾನ ಪದವಿ ಬಿಟ್ಟರು. ಸಮಿತಿಯ ಅಳತೆಗೋಲು ಬೇರೆಯದು: ಕಚೇರಿಯ ಮೇಜಿನ ಆಚೆ ಯಾರು ಕೂತಿದ್ದಾರೆ, ಈಚೆ ಅರ್ಜಿ ಹಿಡಿದು ನಿಂತವರು ಯಾರು? ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಅದು ಶಿಫಾರಸು ಮಾಡಿತು. ಶಾಲೆಯ ಬಾಗಿಲನ್ನೇ ಕಾಣದವರನ್ನೂ ತಲೆಮಾರುಗಳಿಂದ ಓದಿದವರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ದಕ್ಷತೆ ಅಳೆದದ್ದು ಅವರ ಲೆಕ್ಕದ ಕೊರತೆ ಎಂದೇ ನಮಗೆ ಅನಿಸುತ್ತದೆ.

ಹಾಗೆಂದು ಅವರು ಮೈಸೂರನ್ನು ಮರೆಯಲಿಲ್ಲ. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು, ವೆಚ್ಚ ತಗ್ಗಿಸಿ, ನಷ್ಟದಿಂದ ಮೇಲೆತ್ತಲು ದುಡಿದರು. 1955ರಲ್ಲಿ ಭಾರತರತ್ನ ಬಂತು. ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ.

ಈ ಕೊನೆಯ ಇಸವಿ ನಂಜನಗೂಡಿನವರಿಗೆ ಉಪಯೋಗಕ್ಕೆ ಬರುತ್ತದೆ. ಊರ ಪಕ್ಕ ಹರಿಯುವ ಕಪಿಲೆಗೆ ಮೇಲೆ ಬೀಚನಹಳ್ಳಿಯಲ್ಲಿ ಕಟ್ಟಿದ ಕಬಿನಿ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಅದನ್ನೂ ಸರ್ ಎಂವಿ ಲೆಕ್ಕಕ್ಕೆ ಬರೆದ ಮೆಸೇಜು ಬಂದರೆ, ಕಳಿಸಿದವರಿಗೆ ಈ ಎರಡು ಇಸವಿಗಳನ್ನು ಮಾತ್ರ ಬರೆದು ಕಳಿಸಿ.