ಹ್ಯಾರಿಯೆಟ್ ಬೀಚರ್ ಸ್ಟೋ

ದಬ್ಬಾಳಿಕೆಯನ್ನು ಕತ್ತಿ ಹಿಡಿದು ಎದುರಿಸಿದ ವೀರರ ಕಥೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಆದರೆ ಮತದಾನದ ಹಕ್ಕೂ ಇಲ್ಲದ ಒಬ್ಬ ಗೃಹಿಣಿ, ಮಕ್ಕಳ ಲಾಲನೆ ಪಾಲನೆಯ ನಡುವೆ ಒಂದು ಕಾದಂಬರಿ ಬರೆದು ತನ್ನ ದೇಶದ ಅಂತಃಕರಣವನ್ನೇ ಕಲಕಿದ ಸಂಗತಿ ಅಪೂರ್ವವಾದುದು. ಆಕೆಯೇ ಹ್ಯಾರಿಯೆಟ್ ಬೀಚರ್ ಸ್ಟೋ.

ಹ್ಯಾರಿಯೆಟ್ ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಲಿಚ್‌ಫೀಲ್ಡ್ ಎಂಬಲ್ಲಿ 1811ರ ಜೂನ್ 14ರಂದು ಜನಿಸಿದಳು. ತಂದೆ ಲೈಮನ್ ಬೀಚರ್ ಪ್ರಸಿದ್ಧ ಧರ್ಮೋಪದೇಶಕ. ಐದನೆಯ ವಯಸ್ಸಿನಲ್ಲಿಯೇ ತಾಯಿ ತೀರಿಕೊಂಡಳು. ಅಕ್ಕ ಕ್ಯಾಥರೀನ್ ಸ್ಥಾಪಿಸಿದ ಹೆಣ್ಣುಮಕ್ಕಳ ಶಾಲೆಯಲ್ಲಿ ಹ್ಯಾರಿಯೆಟ್ ಓದಿದಳು. ಅಲ್ಲಿಯೇ ಉಪಾಧ್ಯಾಯಿನಿಯೂ ಆದಳು. 1832ರಲ್ಲಿ ಕುಟುಂಬವು ಸಿನ್ಸಿನಾಟಿ ನಗರಕ್ಕೆ ಬಂದಿತು. ಒಹಾಯೋ ನದಿಯ ಈ ದಡದಲ್ಲಿ ಗುಲಾಮಗಿರಿ ಇರಲಿಲ್ಲ. ಆ ದಡದ ಕೆಂಟಕಿಯಲ್ಲಿ ಮನುಷ್ಯರನ್ನು ದನಕರುಗಳಂತೆ ಮಾರುತ್ತಿದ್ದರು. 1836ರಲ್ಲಿ ಆಕೆ ಪ್ರಾಧ್ಯಾಪಕ ಕಾಲ್ವಿನ್ ಸ್ಟೋನನ್ನು ವಿವಾಹವಾದಳು. ಏಳು ಮಕ್ಕಳು, ಕೈಗೆ ಸಾಲದ ಸಂಬಳ. ಪತ್ರಿಕೆಗಳಿಗೆ ಬರೆದು ಆಕೆ ಸಂಸಾರಕ್ಕೆ ನೆರವಾಗುತ್ತಿದ್ದಳು.

1849ರಲ್ಲಿ ಒಂದೂವರೆ ವರ್ಷದ ಮಗು ಕಾಲರಾಕ್ಕೆ ಬಲಿಯಾಯಿತು. ಕೂಸನ್ನು ಮಾರಾಟಕ್ಕೆ ಕಸಿದುಕೊಂಡಾಗ ಗುಲಾಮ ತಾಯಿಗೆ ಆಗುವ ಸಂಕಟ ಏನೆಂಬುದು ಆಗ ಆಕೆಗೆ ಅರ್ಥವಾಯಿತು. ಮರುವರ್ಷವೇ, ಓಡಿಬಂದ ಗುಲಾಮರಿಗೆ ಆಶ್ರಯ ಕೊಟ್ಟವರಿಗೆ ದಂಡ, ಸೆರೆವಾಸಗಳನ್ನು ವಿಧಿಸುವ ಕಾನೂನು ಜಾರಿಗೆ ಬಂದಿತು. ಕಾನೂನೇ ಅನ್ಯಾಯದ ಪಕ್ಷ ವಹಿಸಿದಾಗ ಶಾಸನಸಭೆಯಲ್ಲಿ ಸ್ಥಾನವಿಲ್ಲದ ಹೆಣ್ಣು ಏನು ಮಾಡಬಲ್ಲಳು? ಹ್ಯಾರಿಯೆಟ್ ಲೇಖನಿ ಹಿಡಿದಳು.

‘ಅಂಕಲ್ ಟಾಮ್ಸ್ ಕ್ಯಾಬಿನ್’ 1851ರ ಜೂನ್‌ನಿಂದ ವಾರಪತ್ರಿಕೆಯೊಂದರಲ್ಲಿ ಪ್ರಕಟವಾಗತೊಡಗಿತು. 1852ರಲ್ಲಿ ಪುಸ್ತಕವಾಗಿ ಹೊರಬಂದು, ಮೊದಲ ವರ್ಷದಲ್ಲಿಯೇ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿಗಳು ಖರ್ಚಾದವು. ಇಲ್ಲಿಯ ಪ್ರಜಾಪೀಡಕ ಯಾವ ಚಕ್ರವರ್ತಿಯೂ ಅಲ್ಲ. ಕಾನೂನಿನ ಬಲವುಳ್ಳ ಸಾಮಾನ್ಯ ಯಜಮಾನ. ಮಗನನ್ನು ಮಾರಿದರೆಂದು ತಿಳಿದ ಎಲೈಜಾ, ಅವನನ್ನು ಎತ್ತಿಕೊಂಡು ನದಿಯಲ್ಲಿ ತೇಲುವ ಮಂಜುಗಡ್ಡೆಗಳ ಮೇಲೆ ಹಾರಿ ದಾಟುತ್ತಾಳೆ. ಅವಳ ಯಜಮಾನಿಗೆ ಕರುಣೆಯಿದೆ, ಆದರೆ ಮಾರಾಟವನ್ನು ತಡೆಯುವ ಅಧಿಕಾರವಿಲ್ಲ. ಗುಲಾಮರಿಗೆ ನೆರವು ಕೂಡದೆಂಬ ಶಾಸನವನ್ನು ಬೆಂಬಲಿಸಿದ ಸೆನೆಟರ್ ಬರ್ಡ್, ಹೆಂಡತಿಯ ವಾದಕ್ಕೆ ಜಗ್ಗದಿದ್ದರೂ, ಎಲೈಜಾಳನ್ನು ಕಣ್ಣಾರೆ ಕಂಡೊಡನೆ ತಾನೇ ಆ ಶಾಸನವನ್ನು ಮುರಿಯುತ್ತಾನೆ. ಟಾಮ್‌ನಾದರೋ ಸಹಗುಲಾಮಳೊಬ್ಬಳಿಗೆ ಚಾಟಿಯಿಂದ ಹೊಡೆಯಲು ಒಪ್ಪುವುದಿಲ್ಲ. ತಪ್ಪಿಸಿಕೊಂಡ ಇಬ್ಬರು ಹೆಂಗಸರ ಸುಳಿವು ಕೊಡದೆ ಪ್ರಾಣ ಬಿಡುತ್ತಾನೆ.

ಎಲ್ಲವೂ ಸುಳ್ಳೆಂದು ದಕ್ಷಿಣದವರು ಬೊಬ್ಬೆಯಿಟ್ಟಾಗ, ಆಕೆ 1853ರಲ್ಲಿ ಆಧಾರಗಳ ಗ್ರಂಥವನ್ನೇ ಪ್ರಕಟಿಸಿದಳು. ಅದೇ ವರ್ಷ ಬ್ರಿಟನ್ನಿನಲ್ಲಿ ಆಕೆಗೆ ಅಪಾರ ಗೌರವ ದೊರೆಯಿತು. ಆದರೆ ಗಂಡಸರಿರುವ ಸಭೆಯಲ್ಲಿ ಹೆಂಗಸು ಮಾತನಾಡುವುದು ಸಲ್ಲದೆಂಬ ಕಾಲ; ಆಕೆಯ ಪರವಾಗಿ ಪತಿಯೇ ಉತ್ತರ ಹೇಳಬೇಕಾಯಿತು!

ಅಂತರ್ಯುದ್ಧದ ಬಳಿಕ, 1865ರಲ್ಲಿ ಗುಲಾಮಗಿರಿ ರದ್ದಾಯಿತು. ಇದು ಒಂದು ಪುಸ್ತಕದ ಫಲವೆಂದರೆ ಅತಿಶಯೋಕ್ತಿಯಾದೀತು. ಫ್ರೆಡರಿಕ್ ಡಗ್ಲಸ್, ಹ್ಯಾರಿಯೆಟ್ ಟಬ್‌ಮನ್‌ರಂತೆ ಸ್ವತಃ ಸಂಕೋಲೆ ಹರಿದುಕೊಂಡವರ ಹೋರಾಟ ದೊಡ್ಡದು. ಟಾಮ್‌ನ ಅತಿ ಸಹನೆಯ ಚಿತ್ರಣವನ್ನು ಕರಿಯ ಲೇಖಕ ಜೇಮ್ಸ್ ಬಾಲ್ಡ್‌ವಿನ್ 1949ರಲ್ಲಿ ಕಟುವಾಗಿ ಖಂಡಿಸಿದ್ದೂ ನ್ಯಾಯವೇ. ಆದರೂ ಕಣ್ಣುಮುಚ್ಚಿದ್ದವರ ಕಣ್ಣು ತೆರೆಸಿದ ಕೀರ್ತಿ ಆಕೆಗೆ ಸಲ್ಲಬೇಕು. 1896ರ ಜುಲೈ 1ರಂದು ಆಕೆ ನಿಧನಳಾದಳು. ಅಮೆರಿಕದ ಹೆಂಗಸರಿಗೆಲ್ಲ ಮತದಾನದ ಹಕ್ಕನ್ನು ಸಂವಿಧಾನದಲ್ಲಿ ಬರೆದದ್ದು 1920ರಲ್ಲಿ.

ಅಕ್ಷರವರಿಯದ ನನ್ನ ತಾಯಿಗೆ ಒಂದು ರಾತ್ರಿ ಈ ಕಥೆ ಹೇಳಿದೆ. ಟಾಮ್ ಯಾರು, ಅಮೆರಿಕ ಎಲ್ಲಿದೆ ಎಂದು ಅವಳು ಕೇಳಲಿಲ್ಲ. ಆ ಹೆಣ್ಣುಮಗಳು ಕೂಸಿನೊಡನೆ ಹೊಳೆ ದಾಟಿದಳೇ ಎಂದಷ್ಟೇ ಕೇಳಿದಳು. ದಾಟಿದಳೆಂದ ಮೇಲೆಯೇ ಅವಳು ದೀಪವಾರಿಸಿದ್ದು.